ತೊಟ್ಟಿಲು ಬೇರೆ, ಸೀಟು ಬೇರೆ

ಗುಂಪು: ತೀರ್ಥಹಳ್ಳಿ ಮನೆ

ಶನಿವಾರ

ಸರೋಜ ದೊಡ್ಡಮ್ಮ, ಬೆಳಿಗ್ಗೆ 8:05
(ಫೋಟೋ)
ರಮ್ಯಾ, ನೋಡು. ಅಟ್ಟದಿಂದ ಕಾರ್ ಸೀಟು ಇಳಿಸಿದೆವು. ಬಟ್ಟೆ ಬಿಚ್ಚಿ ಒಗೆದಿದ್ದೇನೆ. ಬೆಲ್ಟುಗಳನ್ನು ಬಿಸಿನೀರಿಗೆ ಸೋಪಿನ ಪುಡಿ ಹಾಕಿ ರಾತ್ರಿಯಿಡೀ ನೆನೆಸಿ ಉಜ್ಜಿದೆ. ಶಶಿ ಸೋಮವಾರ ಶಿವಮೊಗ್ಗಕ್ಕೆ ಬರುತ್ತಾನೆ, ತಂದುಕೊಡುತ್ತಾನೆ. ಬಾಣಂತನ ಮುಗಿಸಿ ಬೆಂಗಳೂರಿಗೆ ಹೊರಟಾಗ ಪಾಪುವನ್ನು ಇದರಲ್ಲೇ ಕೂರಿಸು.

ಅಮ್ಮ, 8:11
ಅಕ್ಕಾ, ಮೊಣಕಾಲು ನೋವು ಇಟ್ಟುಕೊಂಡು ಇದನ್ನೆಲ್ಲ ಯಾಕೆ ಮಾಡಿದೆ!

ಪ್ರಸಾದ್, 8:14
ಸೂಪರ್ ದೊಡ್ಡಮ್ಮ. ಹತ್ತು ಸಾವಿರ ಉಳಿಯಿತು.

ರಮ್ಯ, 8:40
ದೊಡ್ಡಮ್ಮ, ನೀವು ಇಷ್ಟು ಆಸ್ಥೆಯಿಂದ ತೊಳೆದಿದ್ದು ನೋಡಿ ಕಣ್ಣು ತುಂಬಿತು. ಶಶಿ ಅಣ್ಣ, ಸೀಟಿನ ಬೆನ್ನಿಗೆ ಅಥವಾ ಅಡಿಗೆ ಒಂದು ಲೇಬಲ್ ಇರುತ್ತದೆ. ಅದರ ಫೋಟೋ ಕಳಿಸುತ್ತೀಯಾ?

ಶಶಿಧರ, 9:20
(ಫೋಟೋ)
ತಯಾರಾದದ್ದು ಏಪ್ರಿಲ್ 2012. ಇನ್ನೊಂದು ಕಡೆ ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹಾಕಿದ್ದಾರೆ: ಡಿಸೆಂಬರ್ 2018ರ ನಂತರ ಬಳಸಬಾರದು. ನಾನು ಇದನ್ನು ಇವತ್ತೇ ನೋಡುತ್ತಿರುವುದು.

ರಮ್ಯ, 9:26
ಹಾಗಾದರೆ ಇದು ಬೇಡ ದೊಡ್ಡಮ್ಮ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಾವು ಹೊಸದು ತೆಗೆದುಕೊಳ್ಳುತ್ತೇವೆ.

ಸರೋಜ ದೊಡ್ಡಮ್ಮ, 9:41
ಮಾತ್ರೆಗೆ ಡೇಟ್ ಇರುತ್ತದೆ, ಸರಿ. ಕೂರುವ ಸೀಟಿಗೂ ಡೇಟಾ? ನಮ್ಮಮ್ಮನ ತೊಟ್ಟಿಲಿಗೆ ಅರವತ್ತು ವರ್ಷ ದಾಟಿದೆ. ನಾನು, ನಿಮ್ಮಮ್ಮ, ಜಯರಾಮ ಮಲಗಿದ್ದು ಅದರಲ್ಲಿ. ನೀನು ಮಲಗಿದ್ದೂ ಅದರಲ್ಲೇ. ಮೊನ್ನೆ ನಾಮಕರಣದಲ್ಲಿ ನಿನ್ನ ಮಗಳನ್ನೂ ಅದಕ್ಕೇ ಹಾಕಿ ತೂಗಿದೆವು. ಆವತ್ತು ಡೇಟ್ ಕೇಳಿದೆಯಾ?

ಪ್ರಸಾದ್, 9:43
ಅಕ್ಕಾ, ಕಂಪನಿಯವರು ಹೊಸದು ಮಾರಲು ಹಾಗೆ ಬರೆಯುತ್ತಾರೆ ಅಲ್ವಾ?

ರಮ್ಯ, 10:15
ದೊಡ್ಡಮ್ಮ, ಆ ತೊಟ್ಟಿಲಿನಲ್ಲಿ ನನ್ನ ಮಗಳು ಮಲಗಿದ್ದು ನನಗೆ ಎಷ್ಟು ಹೆಮ್ಮೆ ಗೊತ್ತಾ? ಆದರೆ ತೊಟ್ಟಿಲು ಮರದ್ದು. ಅದರ ಕೆಲಸ ತೂಗುವುದು. ಹಗ್ಗ ಸವೆದರೆ ಕಣ್ಣಿಗೆ ಕಾಣುತ್ತದೆ, ಬದಲಾಯಿಸುತ್ತೇವೆ. ಸೀಟಿನ ಕೆಲಸ ಬೇರೆ. ವರ್ಷಗಟ್ಟಲೆ ಸುಮ್ನೆ ಇದ್ದು, ಯಾವತ್ತೋ ಒಂದು ದಿನ ಒಂದು ಕ್ಷಣದ ಹೊಡೆತ ತಡೆಯಬೇಕು. ಹುಬ್ಬಳ್ಳಿ ಬಿಸಿಲಿನಲ್ಲಿ ನಿಂತ ಶಶಿ ಅಣ್ಣನ ಕಾರಿನೊಳಗೆ ಅದು ಎಷ್ಟು ಬೇಸಿಗೆ ಕಳೆದಿದೆ ನೋಡಿ. ಕಾದು, ತಣಿದು, ಮತ್ತೆ ಕಾದು ಪ್ಲಾಸ್ಟಿಕ್ಕು ಪೆಡಸಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ 6ರಿಂದ 10 ವರ್ಷ ಅಂತ ಆಯುಷ್ಯ ಬರೆಯುತ್ತಾರೆ. ಪ್ರಸಾದ್, ಮಾರಾಟಕ್ಕೆ ಬರೆದದ್ದು ಅಂತಲೇ ಇಟ್ಟುಕೊಂಡರೂ, ಹದಿಮೂರು ವರ್ಷದ ಪ್ಲಾಸ್ಟಿಕ್ಕು ತಡೆಯುತ್ತದೋ ಇಲ್ಲವೋ ಅಂತ ನನ್ನ ಮಗಳನ್ನು ಕೂರಿಸಿ ಪರೀಕ್ಷೆ ಮಾಡಲಾ?

ಜಯರಾಮ ಮಾವ, 10:32
ಈ ಜಗಳವೇ ಬೇಡ. ನಾವು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡೇ ಆಗುಂಬೆ ಘಾಟಿ ಇಳಿದವರು. ತಾಯಿಯ ಕೈಗಿಂತ ಗಟ್ಟಿ ಬೆಲ್ಟು ಯಾವುದಿದೆ? ನಿಮ್ಮಮ್ಮ ವಿಜಯಾ ಹಿಂದೆ ಕೂತು ಎತ್ತಿಕೊಳ್ಳಲಿ.

ಅಮ್ಮ, 10:34
ನಾನೂ ಅದನ್ನೇ ಹೇಳುತ್ತಿದ್ದೇನೆ. ಸೀಟಿನಲ್ಲಿ ಕಟ್ಟಿ ಹಾಕಿದರೆ ಕೂಸು ಅಳುತ್ತದೆ.

ರಮ್ಯ, 10:50
ಮಾವ, ನೀವು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವರು. ಒಂದು ಲೆಕ್ಕ ನೀವೇ ಮಾಡಿ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ. ಎದುರಿಗೆ ಡಿಕ್ಕಿ. ಮುಂಭಾಗ ಅರ್ಧ ಮೀಟರ್ ನುಜ್ಜಾಗಿ ಕಾರು ನಿಂತಿತು. ಪಾಪು 5 ಕೆ.ಜಿ. ಅಮ್ಮನ ಕೈಗೆ ಎಷ್ಟು ಭಾರ ಬರುತ್ತದೆ?

ಪ್ರಸಾದ್, 10:58
ಕಾನೂನೂ ಇದೆ ಮಾವ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಸೇರಿಸಿದರು. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ.

ಜಯರಾಮ ಮಾವ, 11:37
ಕಾಗದದ ಮೇಲೆ ಎರಡು ಸಲ ಮಾಡಿದೆ. 50 ಕಿ.ಮೀ. ಅಂದರೆ ಸೆಕೆಂಡಿಗೆ 13.9 ಮೀಟರ್. ಅರ್ಧ ಮೀಟರಿನಲ್ಲಿ ನಿಲ್ಲಬೇಕಾದರೆ ಗುರುತ್ವದ ಸುಮಾರು 20 ಪಟ್ಟು ಬಲ ಬೇಕು. 5 ಕೆ.ಜಿ. ಪಾಪು ಆ ಹೊತ್ತಿಗೆ 100 ಕೆ.ಜಿ. ನಿಲ್ಲಲು ಸಿಗುವ ಸಮಯ 0.07 ಸೆಕೆಂಡು, ಕಣ್ಣು ಮಿಟುಕಿಸುವಷ್ಟೂ ಇಲ್ಲ. ಒಂದು ಕ್ವಿಂಟಾಲ್ ಅಡಿಕೆ ಹಾರಿ ಬಂದರೆ ಯಾರು ಕೈಯಲ್ಲಿ ಹಿಡಿಯುತ್ತಾರೆ? ಮಡಿಲಿನ ಮಾತು ವಾಪಸ್ ತೆಗೆದುಕೊಂಡೆ. ಆಗುಂಬೆ ಘಾಟಿ ನೆನೆಸಿಕೊಂಡರೆ ಈಗ ಎದೆ ಝಲ್ ಎನ್ನುತ್ತದೆ.

ಅಮ್ಮ, 11:45
ಅಯ್ಯೋ ದೇವರೇ. ಆದರೆ ಆ ಸೀಟು ಹಿಂದಕ್ಕೆ ಮುಖ ಮಾಡಿರುತ್ತದಂತೆ. ಮುಂದೆ ಕೂತವರ ಮುಖ ಪಾಪುಗೆ ಕಾಣುವುದಿಲ್ಲವಲ್ಲ.

ರಮ್ಯ, 12:02
ಅಮ್ಮ, ನೀನು ಪಕ್ಕದಲ್ಲೇ ಕೂತಿರುತ್ತೀಯ, ನಿನ್ನ ಮುಖ ಕಾಣುತ್ತದೆ. ಎಳೆ ಕೂಸಿನ ಮೈಯ ಉದ್ದದಲ್ಲಿ ಕಾಲು ಭಾಗ ತಲೆಯೇ. ಕುತ್ತಿಗೆ ಇನ್ನೂ ಎಳೆಯದು. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಡಿಕ್ಕಿಯಲ್ಲಿ ಮೈ ಬೆಲ್ಟಿಗೆ ಸಿಕ್ಕಿ ನಿಲ್ಲುತ್ತದೆ, ತಲೆ ಮಾತ್ರ ಮುಂದಕ್ಕೆ ಹೋಗುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿಗೆ ಒರಗುತ್ತವೆ. ನೀನು ಸ್ನಾನಕ್ಕೆ ಹಾಕುವಾಗ ಕುತ್ತಿಗೆಯ ಹಿಂದೆ ಅಂಗೈ ಕೊಡುತ್ತೀಯಲ್ಲ, ಅದೇ ಕೆಲಸ. ಯುರೋಪಿನ ಹೊಸ ನಿಯಮ ಆರ್129ರಲ್ಲಿ 15 ತಿಂಗಳು ದಾಟುವವರೆಗೆ ಹಿಂದಕ್ಕೇ ಕೂರಿಸಬೇಕು. ನಾನು ಅದಕ್ಕಿಂತ ಜಾಸ್ತಿ ದಿನ ಕೂರಿಸುತ್ತೇನೆ.

ಸರೋಜ ದೊಡ್ಡಮ್ಮ, 12:20
ಇಷ್ಟೆಲ್ಲ ಓದಿಕೊಂಡವಳು ನೀನು. ನಾವು ಕೊಟ್ಟದ್ದು ಮಾತ್ರ ಬೇಡ. ಸುನಿತಾ ಮಗ, ಶಶಿಯ ಮಕ್ಕಳು, ಮೂರು ಮಕ್ಕಳು ಅದರಲ್ಲಿ ಬೆಳೆದವು. ಒಂದಕ್ಕೂ ಏನೂ ಆಗಲಿಲ್ಲ.

(ಮಧ್ಯಾಹ್ನವೆಲ್ಲ ಯಾರೂ ಬರೆಯಲಿಲ್ಲ.)

ಸುನಿತಾ ಅಕ್ಕ, ಸಂಜೆ 6:48
ನ್ಯೂಜೆರ್ಸಿಯಲ್ಲಿ ಈಗ ಬೆಳಗಾಯಿತು, ಎಲ್ಲ ಓದಿದೆ. ಅಮ್ಮಾ, ಆ ಸೀಟು ಕೊಂಡವಳು ನಾನು. 2015ರಲ್ಲಿ ಊರಿಗೆ ತಂದು ಶಶಿಗೆ ಕೊಟ್ಟವಳೂ ನಾನೇ. ರಮ್ಯ ಹೇಳುತ್ತಿರುವುದು ಸರಿ. ಬೆಲ್ಟುಗಳನ್ನು ನೆನೆಸಿ ಉಜ್ಜಿದೆ ಅಂದೆಯಲ್ಲ, ಅದರ ಪುಸ್ತಕದಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಮಾತ್ರ ಇದೆ. ಸೋಪಿನ ಪುಡಿಯಲ್ಲಿ ನೆನೆದರೆ ನೂಲಿನ ಬಲ ಕುಗ್ಗುತ್ತದೆ. ಕೊಡುವಾಗ ಆ ಪುಸ್ತಕ ಕೊಡದೆ ಹೋದದ್ದು ನನ್ನ ತಪ್ಪು. ಶಶಿ, ಒಂದು ಮಾತು ಕೇಳುತ್ತೇನೆ. ನಿನ್ನ ಕಾರಿಗೆ ಯಾವಾಗಾದರೂ ಡಿಕ್ಕಿ ಆಗಿತ್ತಾ, ಸೀಟು ಒಳಗಿದ್ದಾಗ?

ಪ್ರಸಾದ್, 8:30
ಶಶಿ ಅಣ್ಣ, ನೀಲಿ ಟಿಕ್ ಬಂದಿದೆ. ಉತ್ತರ?

ಭಾನುವಾರ

ಶಶಿಧರ, ಬೆಳಿಗ್ಗೆ 6:10
ರಾತ್ರಿ ನಿದ್ದೆ ಬರಲಿಲ್ಲ. ಹೌದು, ಆಗಿತ್ತು. 2019ರಲ್ಲಿ, ರಾಣೆಬೆನ್ನೂರು ದಾಟಿ ಸ್ವಲ್ಪ ದೂರ. ಹಿಂದಿನಿಂದ ಲಾರಿ ಗುದ್ದಿತು. ಕಾರಿನ ಹಿಂದಿನ ಡಿಕ್ಕಿಯ ಬಾಗಿಲು ಮುಚ್ಚಲು ಆಗದ ಹಾಗೆ ನಜ್ಜುಗುಜ್ಜಾಯಿತು. ಮಗಳು ಆ ಸೀಟಿನಲ್ಲೇ ಇದ್ದಳು. ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಅಪ್ಪನಿಗೆ ಆಗಷ್ಟೇ ಹಾರ್ಟ್ ಆಪರೇಷನ್ ಆಗಿತ್ತು. ಅಮ್ಮ ಗಾಬರಿಯಾಗುತ್ತಾಳೆ ಅಂತ ಯಾರಿಗೂ ಹೇಳಲಿಲ್ಲ. ಗ್ಯಾರೇಜಿನಲ್ಲಿ ಕಾರು ಸರಿ ಮಾಡಿಸಿ, ಅದೇ ಸೀಟಿನಲ್ಲಿ ಇನ್ನೊಂದು ವರ್ಷ ಅವಳನ್ನು ಕೂರಿಸಿದೆ. ಈಗ ಅದನ್ನೇ ರಮ್ಯನ ಮಗಳಿಗೆ ಕೊಡಲು ಹೊರಟಿದ್ದೆ.

ಅಮ್ಮ, 6:22
ಶಶಿ!

ಸರೋಜ ದೊಡ್ಡಮ್ಮ, 6:40
ಆರು ವರ್ಷ ನನ್ನಿಂದ ಮುಚ್ಚಿಟ್ಟೆಯಾ ಮಗನೇ.

ರಮ್ಯ, 7:05
ಶಶಿ ಅಣ್ಣ, ನೀನು ಹೇಳಿದೆಯಲ್ಲ, ಅಷ್ಟು ಸಾಕು. ದೊಡ್ಡಮ್ಮ, ಅವನನ್ನು ಬೈಯಬೇಡಿ. ನಿಮ್ಮ ಮೊಮ್ಮಗಳನ್ನು ಆ ಸೀಟು ಕಾಪಾಡಿದೆ. ಅದರ ಕೆಲಸ ಆವತ್ತೇ ಮುಗಿಯಿತು. ಹೆಲ್ಮೆಟ್ ಒಂದು ಸಲ ನೆಲಕ್ಕೆ ಬಡಿದರೆ ಮತ್ತೆ ಹಾಕಿಕೊಳ್ಳಬಾರದು ಅಂತಾರಲ್ಲ, ಇದೂ ಹಾಗೆ. ಒಳಗೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಗುರುತಿಲ್ಲದವರಿಂದ ಹಳೆ ಸೀಟು ಕೊಳ್ಳಬಾರದು ಅನ್ನುವುದೂ ಇದಕ್ಕೇ. ನಮ್ಮ ಮನೆಯದೇ ಸೀಟಿನ ಕತೆ ನಮಗೆ ಗೊತ್ತಿರಲಿಲ್ಲ ನೋಡಿ.

ಸರೋಜ ದೊಡ್ಡಮ್ಮ, 7:30
ಹೊಸದೇ ತೆಗೆದುಕೋ. ದುಡ್ಡು ನಾನು ಕೊಡುತ್ತೇನೆ.

ರಮ್ಯ, 7:33
ದುಡ್ಡು ಬೇಡ ದೊಡ್ಡಮ್ಮ. ಸೀಟಿಗೆ, ಪಾಪುವನ್ನು ತಳ್ಳುವ ಗಾಡಿ ಸ್ಟ್ರಾಲರಿಗೆ ಸೇರಿ ಇವರು 12 ಸಾವಿರ ತೆಗೆದಿಟ್ಟಿದ್ದಾರೆ.

ಪ್ರಸಾದ್, 7:50
(ಲಿಂಕ್)
ಅಕ್ಕಾ, ಇದು ನೋಡು. ಸ್ಟ್ರಾಲರ್ ಮೇಲೇ ಸೀಟು ಕೂರುತ್ತದೆ, ಕಾರಿಗೂ ಆಗುತ್ತದೆ. ಎರಡೂ ಸೇರಿ 19 ಸಾವಿರ. ನಿದ್ದೆ ಮಾಡುವ ಮಗುವನ್ನು ಎಬ್ಬಿಸದೆ ಕಾರಿನಿಂದ ಇಳಿಸಬಹುದು. ಏಳು ಸಾವಿರ ನಾನು ಹಾಕುತ್ತೇನೆ.

ರಮ್ಯ, 8:20
ನಿನ್ನ ದುಡ್ಡು ಉಳಿಸಿಕೋ ತಮ್ಮ. ಈ ಬಕೆಟ್ ಸೀಟು 13 ಕೆ.ಜಿ.ವರೆಗೆ ಅಂತ ಬರೆದಿದ್ದರೂ ಅಷ್ಟರೊಳಗೇ ತಲೆ ಸೀಟಿನ ಅಂಚಿಗೆ ಬಂದುಬಿಡುತ್ತದೆ. ಒಂದು, ಒಂದೂಕಾಲು ವರ್ಷ. ಆಮೇಲೆ ಇನ್ನೊಂದು ಸೀಟು ಕೊಳ್ಳಲೇಬೇಕು. ಮಲಗಿದ ಮಗುವನ್ನು ಅದರಲ್ಲೇ ಬಿಡುವುದೂ ಒಳ್ಳೆಯದಲ್ಲ. ಕತ್ತು ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಿಗೆ ತೊಂದರೆ. ನನಗೆ ಬೇಕಾದದ್ದು ಹುಟ್ಟಿನಿಂದ 18 ಕೆ.ಜಿ.ವರೆಗಿನದು. ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ತಿರುಗಿಸುವುದು. ನಾಲ್ಕು ವರ್ಷ ಬರುತ್ತದೆ. 36 ಕೆ.ಜಿ.ವರೆಗೆ ಒಂದೇ ಸೀಟು ಅಂತಲೂ ಸಿಗುತ್ತವೆ. ನಾನು ನೋಡಿದ ಎರಡರಲ್ಲಿ ಎಳೆ ಕೂಸು ಒಳಗೆ ಜಾರುವ ಹಾಗಿತ್ತು. ನನಗೆ ಮನಸ್ಸು ಬರಲಿಲ್ಲ.

ಜಯರಾಮ ಮಾವ, 8:31
ಅಂಗಡಿಯಲ್ಲಿ ಏನು ನೋಡಿ ತರಬೇಕು? ನಾನೂ ಪ್ರಸಾದನ ಜೊತೆ ಹೋಗುತ್ತೇನೆ.

ರಮ್ಯ, 8:45
ಮಾವ, ಮೊದಲು ಲೇಬಲ್. ಕಿತ್ತಳೆ ಬಣ್ಣದ್ದು, ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಮತ್ತು ಒಂದು ಅಂಕಿ. ಯುರೋಪಿನ ಹಳೆ ನಿಯಮ ಆರ್44/04 ಅಥವಾ ಹೊಸದು ಆರ್129 ಅಂತ ಇರಬೇಕು. ಆರ್129ರಲ್ಲಿ ಪಕ್ಕದಿಂದ ಗುದ್ದುವ ಪರೀಕ್ಷೆಯೂ ಸೇರಿದೆ. ನಮ್ಮ ದೇಶದ ಗುರುತು ಎಐಎಸ್-072. ಯಾವ ಗುರುತೂ ಇಲ್ಲದ್ದು ಎಷ್ಟೇ ಮೆತ್ತಗಿದ್ದರೂ ಬೇಡ. ಆಮೇಲೆ ತಯಾರಾದ ತಿಂಗಳು. ಕೊನೆಯದು ತುಂಬಾ ಮುಖ್ಯ, ದುಡ್ಡು ಕೊಡುವ ಮೊದಲು ಸೀಟನ್ನು ನಮ್ಮ ಕಾರಿಗೆ ಕಟ್ಟಿ ನೋಡಬೇಕು. ನಮ್ಮದರಲ್ಲಿ ಮಕ್ಕಳ ಸೀಟನ್ನು ನೇರ ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇಲ್ಲ, ಕಾರಿನ ಬೆಲ್ಟಿನಲ್ಲೇ ಕಟ್ಟಬೇಕು. ಹಿಂದಕ್ಕೆ ಮುಖ ಮಾಡಿದಾಗ ಬೆಲ್ಟು ಜಾಸ್ತಿ ಉದ್ದ ಬೇಕಾಗುತ್ತದೆ.

ಪ್ರಸಾದ್, ಮಧ್ಯಾಹ್ನ 1:15
(ಫೋಟೋ)
ನೆಹರೂ ರಸ್ತೆಯ ಅಂಗಡಿಯಲ್ಲಿದ್ದೇವೆ. ಮೊದಲನೆಯದಕ್ಕೆ ಕಾರಿನ ಬೆಲ್ಟು ಸಾಲಲಿಲ್ಲ, ನಾಲ್ಕು ಬೆರಳು ಕಮ್ಮಿ. ಎರಡನೆಯದು ಕೂತಿತು. 9,800. ಅಂಗಡಿಯವರು ಮುಂದಿನ ಸೀಟಿಗೆ ಕಟ್ಟಿದರೆ ಡ್ರೈವರಿಗೆ ಮಗು ಕಾಣುತ್ತದೆ ಅನ್ನುತ್ತಿದ್ದಾರೆ.

ರಮ್ಯ, 1:16
ಬೇಡವೇ ಬೇಡ. ಮುಂದೆ ಏರ್‌ಬ್ಯಾಗ್ ಇದೆ. ಹಿಂದಕ್ಕೆ ಮುಖ ಮಾಡಿದ ಸೀಟಿನ ಬೆನ್ನಿಗೆ ಅದು ಬಡಿದರೆ ಪಾಪು ಉಳಿಯುವುದಿಲ್ಲ. ಹಿಂದಿನ ಸೀಟಿಗೇ ಕಟ್ಟಿ. ಬೆಲ್ಟು ನೀಲಿ ಗುರುತಿನ ದಾರಿಯಲ್ಲಿ ಹೋಗಬೇಕು, ಕೆಂಪು ಮುಂದಕ್ಕೆ ತಿರುಗಿಸಿದ ಮೇಲೆ.

ಜಯರಾಮ ಮಾವ, 1:40
ಮೊಣಕಾಲು ಊರಿ ಎಳೆದು ಕಟ್ಟಿದ್ದೇನೆ. ಬುಡ ಹಿಡಿದು ಅಲ್ಲಾಡಿಸಿದರೆ ಬೆರಳಗಲ ಕೂಡ ಸರಿಯುವುದಿಲ್ಲ. ಬಿಲ್ಲು ಮಾಡಿಸಿದೆವು.

ಅಮ್ಮ, 1:52
ಸ್ವೆಟರ್ ಹಾಕಿಯೇ ಕೂರಿಸಬಹುದಲ್ಲ? ಮುಂಜಾನೆ ಹೊರಡುವುದು, ಚಳಿ.

ರಮ್ಯ, 1:58
ದಪ್ಪ ಸ್ವೆಟರ್ ಬೇಡ ಅಮ್ಮ. ಅದರ ಮೇಲೆ ಬಿಗಿದ ಬೆಲ್ಟು ಒಳಗೆ ಸಡಿಲವಾಗಿರುತ್ತದೆ. ಬೆಲ್ಟು ಬಿಗಿದು, ಮೇಲೆ ನೀನು ಹೊಲಿದ ಕೌದಿ ಹೊದಿಸೋಣ. ಹೆಗಲ ಮೂಳೆಯ ಹತ್ತಿರ ಬೆಲ್ಟನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು, ಅಷ್ಟು ಬಿಗಿ ಸಾಕು. ದಾರಿಯಲ್ಲಿ ಕಡೂರು, ತಿಪಟೂರು, ತುಮಕೂರು ಮೂರೂ ಕಡೆ ನಿಲ್ಲಿಸಿ ಅವಳನ್ನು ಹೊರಗೆ ತೆಗೆದು ಮಲಗಿಸೋಣ. ಹಾಲು ಕುಡಿಸುವುದೂ ನಿಂತಾಗಲೇ. ಲೇಟಾದರೆ ಆಗಲಿ.

ಶಶಿಧರ, 4:05
ರಮ್ಯಾ, ಸ್ಟ್ರಾಲರ್ ಕೊಂಡುಬಿಟ್ಟಿರಾ? ಮಗಳದು ಇಲ್ಲಿದೆ. ಕೇಳಲು ಸಂಕೋಚ.

ರಮ್ಯ, 4:09
ಕೊಂಡಿಲ್ಲ ಅಣ್ಣ! ಬೆನ್ನು ಪೂರ್ತಿ ಮಲಗುತ್ತದಾ? ಅವಳಿಗೆ ಇನ್ನೂ ಕೂರಲು ಬರುವುದಿಲ್ಲ. ತೂಕ ಎಷ್ಟು? ನಮ್ಮದು ವಿಜಯನಗರದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ.

ಶಶಿಧರ, 4:30
ಪೂರ್ತಿ ಮಲಗುತ್ತದೆ. ತಕ್ಕಡಿಯಲ್ಲಿ ಇಟ್ಟು ನೋಡಿದೆ, 8 ಕೆ.ಜಿ. ಬ್ರೇಕ್ ಹಾಕಿ ಇಳಿಜಾರಿನಲ್ಲಿ ನಿಲ್ಲಿಸಿದೆ, ಜರುಗಲಿಲ್ಲ. ಮಡಚುವ ಲಾಕ್ ಗಟ್ಟಿಯಾಗಿದೆ. ಐದು ಕಡೆಯ ಬೆಲ್ಟಿನ ಎಲ್ಲ ಕ್ಲಿಪ್ಪೂ ಸರಿ ಇವೆ. ಮುಂದಿನ ಒಂದು ಚಕ್ರ ಕಿರುಗುಟ್ಟುತ್ತದೆ. ಇದರ ಕತೆ ಪೂರ್ತಿ ಹೇಳುತ್ತೇನೆ: ಪಾರ್ಕು ಬಿಟ್ಟು ಎಲ್ಲೂ ಹೋಗಿಲ್ಲ, ಒಂದು ಸಲ ಮಳೆಯಲ್ಲಿ ನೆನೆದಿದೆ.

ರಮ್ಯ, 4:36
ದೊಡ್ಡಮ್ಮ, ಅದನ್ನು ನನಗೆ ಕೊಡಿ. ಸ್ಟ್ರಾಲರ್ ತೊಟ್ಟಿಲಿನ ಜಾತಿಯದು. ಏನು ಸವೆದಿದೆ ಅಂತ ನೋಡಿದರೆ ತಿಳಿಯುತ್ತದೆ, ರಿಪೇರಿ ಮಾಡಬಹುದು. ಚಕ್ರ ದೊಡ್ಡದಿದೆ, ನಮ್ಮ ಫುಟ್‌ಪಾತಿಗೆ ಅದೇ ಬೇಕು. ಹೊಸದು ಕೊಂಡರೆ ಈ ದುಡ್ಡಿಗೆ ಇಷ್ಟು ಒಳ್ಳೆಯದು ಬರುವುದಿಲ್ಲ.

ಸರೋಜ ದೊಡ್ಡಮ್ಮ, 5:00
ಅದರ ಬಟ್ಟೆ ಒಗೆಯಬಹುದಾ?

ರಮ್ಯ, 5:01
ನೀವೇ ಒಗೆದು ಕೊಡಬೇಕು ದೊಡ್ಡಮ್ಮ.

ಸೋಮವಾರ

ಶಶಿಧರ, ಬೆಳಿಗ್ಗೆ 7:15
(ಫೋಟೋ)
ಹಳೆ ಸೀಟಿನ ಬೆಲ್ಟುಗಳನ್ನು ಕತ್ತರಿಸಿದೆ. ಸುನಿತಕ್ಕ ಹೇಳಿದ ಹಾಗೆ ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರಿನಲ್ಲಿ ‘ಡಿಕ್ಕಿಯಾದ ಸೀಟು, ಬಳಸಬೇಡಿ’ ಎಂದು ದೊಡ್ಡದಾಗಿ ಬರೆದಿದ್ದೇನೆ. ಹಾಗೇ ಗುಜರಿಗೆ ಕೊಟ್ಟಿದ್ದರೆ ಯಾರೋ ತೆಗೆದುಕೊಂಡು ಹೋಗಿ ತಮ್ಮ ಮಗುವನ್ನು ಕೂರಿಸುತ್ತಿದ್ದರು. ಅಮ್ಮ ಒಂದು ನಿಮಿಷ ಅದರ ಮೇಲೆ ಕೈ ಇಟ್ಟು ನಿಂತಿದ್ದಳು.

ಸರೋಜ ದೊಡ್ಡಮ್ಮ, 8:02
ಸ್ಟ್ರಾಲರಿನ ಬಟ್ಟೆ ಒಣಗುತ್ತಿದೆ. ಚಕ್ರಕ್ಕೆ ಸೈಕಲ್ ಅಂಗಡಿಯಲ್ಲಿ ಎಣ್ಣೆ ಹಾಕಿಸಿದೆವು, ಈಗ ಸದ್ದಿಲ್ಲ. ಶಶಿ ಹನ್ನೊಂದಕ್ಕೆ ಹೊರಡುತ್ತಾನೆ. ನಾನೂ ಬರುತ್ತಿದ್ದೇನೆ. ಪಾಪುವನ್ನು ಹೊಸ ಸೀಟಿಗೆ ಕೂರಿಸುವಾಗ ಬೆಲ್ಟು ಹೇಗೆ ಹಾಕುವುದು ಅಂತ ನನಗೂ ತೋರಿಸು.