ನೆಟ್ಟಗೆ ಹೊರಡದ ಕವಣೆ

ಗೌಡರ ನೆರೆಮನೆಯ ಅಮೆರಿಕನ್ ಅಜ್ಜ ತನ್ನ ಹಳೆಯ ಡ್ರ್ಯಾಗ್‌ಸ್ಟರನ್ನು, ಅಂದರೆ ನೇರ ಪಟ್ಟಿಯ ಮೇಲೆ ಗಿಡ್ಡ ಓಟ ಓಡುವ ರೇಸ್ ಕಾರನ್ನು, ಹೊರಡುವ ಗೆರೆಯಿಂದ ಬಿಟ್ಟಾಗಲೆಲ್ಲ ಅದು ಪಟ್ಟಿಯ ಎಡಗಡೆಯ ಗೋಡೆಯನ್ನು ಮಾತನಾಡಿಸಲು ಹೊರಡುತ್ತದೆ ಎಂಬ ಸುದ್ದಿ ತಿಳಿದ ಮೇಲೆ, ಲಾಸ್ ಏಂಜಲೀಸಿನ ಸುತ್ತಮುತ್ತ ಇರುವ ನಾವು ನಾಲ್ವರು ಕನ್ನಡಿಗರು ಶನಿವಾರದ ಕಾಫಿಯನ್ನು ಅವನ ಗ್ಯಾರೇಜಿಗೇ ವರ್ಗಾಯಿಸಿಕೊಂಡೆವು. ಅಜ್ಜನಿಗೆ ಕನ್ನಡ ಬಾರದು; ಗೌಡರೊಬ್ಬರನ್ನು ಬಿಟ್ಟರೆ ನಮಗಾರಿಗೂ ಯಂತ್ರದ ಗಂಧವಿಲ್ಲ. ಹೀಗಾಗಿ ಹರಟೆಗೆ ಯಾವ ಅಡ್ಡಿಯೂ ಇರಲಿಲ್ಲ.

ಆ ವಾಹನವನ್ನು ನೋಡಿದವರು ಮೊದಲು ನಗುತ್ತಾರೆ, ಅದು ಚಾಲೂ ಆದ ಮೇಲೆ ಕಿವಿ ಮುಚ್ಚಿಕೊಳ್ಳುತ್ತಾರೆ. ಎರಡು ಉದ್ದನೆಯ ಕೊಳವೆಗಳ ತುದಿಗೆ ಸೈಕಲ್ಲಿನಿಂದ ಕಳಚಿ ತಂದಂತಿರುವ ಎರಡು ತೆಳು ಚಕ್ರಗಳು, ಹಿಂದೆ ಗಾಣದ ಕಲ್ಲಿನಂಥ ಎರಡು ನುಣುಪು ಟೈರುಗಳು, ಅವುಗಳ ಮುಂದೆ ಎಂಜಿನ್ನು, ಎಲ್ಲಕ್ಕಿಂತ ಹಿಂದೆ, ಅಚ್ಚಿನ ಎರಡೂ ಬದಿಗೆ ಕಾಲು ಚಾಚಿ ಕೂರುವ ಚಾಲಕ. ಕವಣೆಯಲ್ಲಿಟ್ಟ ಕಲ್ಲಿನಂತೆ ಕೂರುವುದರಿಂದಲೇ ಇದಕ್ಕೆ ಅಲ್ಲಿಯವರು ಸ್ಲಿಂಗ್‌ಶಾಟ್ ಎನ್ನುತ್ತಾರೆ. 1954ರಲ್ಲಿ ಇಂಥದ್ದನ್ನು ಮೊದಲು ಕಟ್ಟಿದ ಕೀರ್ತಿಯನ್ನು ಮಿಕ್ಕಿ ಥಾಂಪ್ಸನ್ ಎಂಬಾತನಿಗೆ ಕೊಡುವುದು ವಾಡಿಕೆ.

“ಮನುಷ್ಯನಾದವನು ಗಾಡಿಯ ಬಾಲದಲ್ಲಿ ಕುಳಿತು ಮುಂದಿನ ದಾರಿ ನೋಡುವುದುಂಟೇನ್ರೀ? ದೋಷವೆಲ್ಲ ಅಲ್ಲೇ ಇದೆ” ಎಂದು ಶಾಸ್ತ್ರಿಗಳು ಚುರುಮುರಿಯ ಮೊದಲ ತುತ್ತಿಗೇ ತೀರ್ಪು ಕೊಟ್ಟರು.

“ನಮ್ಮ ಮಂಡ್ಯದ ಕಡೆ ಗಾಡಿ ಹೊಡೆಯುವವನು ಎತ್ತಿನ ಹಿಂದೆಯೇ ಕೂರುತ್ತಾನೆ ಶಾಸ್ತ್ರಿಗಳೇ, ಮುಂದಿರುವುದು ಎತ್ತು ಮಾತ್ರ” ಎಂದರು ಗೌಡರು. “ಹಿಂದೆ ಕೂತವನಿಗೆ ಇಡೀ ವಾಹನ ಕಣ್ಣೆದುರಿಗೇ ಇರುವುದರಿಂದ ಮೂತಿ ಎರಡು ಬೆರಳು ಆಚೀಚೆಯಾದರೂ ಕೂಡಲೇ ಗೊತ್ತಾಗುತ್ತದೆ. ಹಿಂದೆ ಕೂರುವುದರಲ್ಲಿ ಅಪಾಯವೂ ಇತ್ತು ಅನ್ನಿ. 1970ರ ಮಾರ್ಚಿಯಲ್ಲಿ ಲಾಂಗ್ ಬೀಚ್ ಬಳಿಯ ಲಯನ್ಸ್ ಪಟ್ಟಿಯ ಮೇಲೆ ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಡ್ರ್ಯಾಗ್‌ಸ್ಟರ್ ಚಾಲಕನ ಗೇರುಪೆಟ್ಟಿಗೆ ಸಿಡಿದು ಅವನ ಬಲಪಾದದ ಒಂದು ಭಾಗವೇ ಹೋಯಿತು. ಆಮೇಲೆ ಅವನು ಎಂಜಿನ್ನನ್ನು ಬೆನ್ನ ಹಿಂದಕ್ಕೆ ಹಾಕಿಕೊಂಡು 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯ ಗೆದ್ದ. ಆದರೆ ಮುಂದೆ ಕೂತವನಿಗೆ ಹಿಂಬದಿ ಜಾರಿದ್ದು ತಿಳಿಯುವುದೇ ತಡ. ತಿಳಿದ ಮೇಲೆ ಗಾಬರಿಯಲ್ಲಿ ಸ್ಟಿಯರಿಂಗನ್ನು ಹೆಚ್ಚು ತಿರುಗಿಸುತ್ತಾನೆ. ಕೈ ಇಷ್ಟು ತಿರುಗಿದರೂ ಚಕ್ರ ಸ್ವಲ್ಪವೇ ತಿರುಗುವಂತೆ ಅದನ್ನು ಮಂದ ಮಾಡಿದ ಮೇಲಷ್ಟೇ ಅವನ ಕಾರು ಹೇಳಿದ ಮಾತು ಕೇಳಿತು.”

“ಹಾಗಾದರೆ ಅಜ್ಜನ ಸ್ಟಿಯರಿಂಗನ್ನೂ ಮಂದ ಮಾಡಿಸಿ, ಮುಗಿಯಿತು” ಎಂದೆ ನಾನು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ ನನಗೂ ಒಂದು ಸಲಹೆ ಬೇಕಿತ್ತು.

ಗೌಡರು ನನ್ನನ್ನು ಕನಿಕರದಿಂದ ನೋಡಿದರು. ಹೊರಡುವ ಗಳಿಗೆಯಲ್ಲಿ ಭಾರವೆಲ್ಲ ಹಿಂದಿನ ಟೈರುಗಳ ಮೇಲೆ ಬಿದ್ದು ಮುಂದಿನ ಚಕ್ರಗಳು ನೆಲವನ್ನು ಸವರಿಕೊಂಡು ಹೋಗುತ್ತವೆಯೇ ಹೊರತು ಊರುವುದಿಲ್ಲ, ಕೆಲವೊಮ್ಮೆ ಎದ್ದೇ ಬಿಡುತ್ತವೆ. ಆಗ ಸ್ಟಿಯರಿಂಗ್ ಹಿಡಿದುಕೊಂಡಿರುವುದು ಬಸ್ಸಿನಲ್ಲಿ ನಿಂತವನು ಮೇಲಿನ ಕಂಬಿ ಹಿಡಿದುಕೊಂಡಂತೆ ಮನಸ್ಸಿನ ಸಮಾಧಾನಕ್ಕಷ್ಟೇ ಎಂದು ಅವರು ವಿವರಿಸಿದಾಗ, ಕಾರು ಎತ್ತ ಹೋಗಬೇಕೆಂಬುದನ್ನು ಹಿಂದಿನ ಅಚ್ಚೇ ತೀರ್ಮಾನಿಸುತ್ತದೆ ಎಂಬುದು ನನ್ನ ತಲೆಗೂ ಇಳಿಯಿತು.

“ಎಂಜಿನ್ನಿನ ತಿರುಚು ಬಲ ಎಂಬುದೊಂದಿದೆಯಲ್ಲ, ಅದು ಒಂದು ಟೈರನ್ನು ಒತ್ತಿ ಇನ್ನೊಂದನ್ನು ಎತ್ತುವುದಿಲ್ಲವೇ?” ಎಂದರು ಮೇಷ್ಟ್ರು. ಅವರು ಕಾಲೇಜಿನಲ್ಲಿ ಗಣಿತ ಕಲಿಸುವವರು; ಕಾಫಿಗೆ ಸಕ್ಕರೆಯನ್ನೂ ಸರಾಸರಿ ತೆಗೆದೇ ಹಾಕಿಕೊಳ್ಳುವವರು.

“ಸ್ಪ್ರಿಂಗ್ ಇರುವ ಕಾರುಗಳಿಗೆ ಆ ಕಾಟ ಉಂಟು. ಇಲ್ಲಿ ಅಚ್ಚು ಸ್ಪ್ರಿಂಗೇ ಇಲ್ಲದೆ ಚೌಕಟ್ಟಿಗೆ ಬಿಗಿದುಕೊಂಡಿದೆ, ಎಂಜಿನ್ನೂ ಅದೇ ಚೌಕಟ್ಟಿಗೆ ಬಿಗಿದುಕೊಂಡಿದೆ. ಅದು ಈ ಕಡೆ ತಿರುಚಿದರೆ ಇದು ಆ ಕಡೆ ತಿರುಚುತ್ತದೆ. ಅಣ್ಣತಮ್ಮಂದಿರ ಜಗಳ, ಬಹುಪಾಲು ಮನೆಯೊಳಗೇ ಮುಗಿಯುತ್ತದೆ.”

ಅಷ್ಟರಲ್ಲಿ ಅಜ್ಜ ಟೇಪು ತಂದ. ಹಿಂದಿನ ಅಚ್ಚಿನ ತುದಿಯಿಂದ ಮುಂದಿನ ಚಕ್ರದ ನಡುವಿಗೆ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಸಲ ಅಳೆದರು. ಟೇಪಿನ ಆ ತುದಿ ಹಿಡಿಯುವ ಕೆಲಸ ನನ್ನದಾದ್ದರಿಂದ ಚುರುಮುರಿಯ ತಟ್ಟೆ ಶಾಸ್ತ್ರಿಗಳ ವಶವಾಯಿತು. ಅಚ್ಚು ಸೊಟ್ಟಗಿಲ್ಲವೆಂದು ಖಚಿತವಾಯಿತು, ತಟ್ಟೆಯೂ ಖಾಲಿಯಾಯಿತು.

“ಅಜ್ಜ ನಿಲ್ಲಿಸುವಾಗಲೇ ಸೊಟ್ಟಗೆ ನಿಲ್ಲಿಸುತ್ತಾನೋ ಏನೋ” ಎಂಬ ಸಂಶಯ ನನ್ನದು. ಅದು ಅಷ್ಟೇನೂ ಪೆದ್ದು ಪ್ರಶ್ನೆಯಲ್ಲವೆಂದು ಗೌಡರು ಒಪ್ಪಿದ್ದು ನನ್ನ ಆ ದಿನದ ಏಕೈಕ ಗೆಲುವು. ನೀರಿನಲ್ಲಿ ಟೈರು ತಿರುಗಿಸಿ ಹೊಗೆ ಎಬ್ಬಿಸಿ ಬಿಸಿ ಮಾಡಿದ ಮೇಲೆ ಕಾರನ್ನು ಹಿಂದಕ್ಕೆ ತಳ್ಳಿ, ಟೈರು ತಾನೇ ಬಳಿದ ಕಪ್ಪು ಪಟ್ಟೆಗಳ ಮೇಲೇ ಮತ್ತೆ ಕೂರಿಸಿ, ನಾಲ್ಕಾರು ಅಡಿ ನೇರವಾಗಿ ಮುಂದಕ್ಕೆ ಉರುಳಿಸಿ ಗೆರೆಗೆ ತರಬೇಕಂತೆ. ಎದುರಿಗೆ ನಿಂತು ಕೈಸನ್ನೆ ಮಾಡುವವರು ಗೌಡರೇ ಆದ್ದರಿಂದ ಆ ವಿಚಾರಣೆ ಅಲ್ಲಿಗೇ ನಿಂತಿತು.

ಕೊನೆಗೆ ಅಜ್ಜ ಹಿಂದಿನ ಟೈರುಗಳ ಸುತ್ತ ಟೇಪು ಸುತ್ತಿದ. ಎಡಗಡೆಯದು 100 ಅಂಗುಲ, ಬಲಗಡೆಯದು 100.5.

“ಅರ್ಧ ಅಂಗುಲ ತಾನೇ? ನನ್ನ ಸೊಂಟ ಯುಗಾದಿಯಿಂದ ಯುಗಾದಿಗೆ ಅದಕ್ಕಿಂತ ಹೆಚ್ಚು ಬೆಳೆಯುತ್ತದೆ” ಎಂದರು ಶಾಸ್ತ್ರಿಗಳು.

“ನಿಮ್ಮ ಸೊಂಟ ಒಂದೇ ಸ್ವಾಮಿ, ಇವು ಜೋಡಿ” ಎಂದರು ಗೌಡರು. “ಮಾಮೂಲಿ ಕಾರಿನಲ್ಲಿ ಡಿಫರೆನ್ಷಿಯಲ್ ಇರುವುದರಿಂದ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಬಹುದು. ಇಲ್ಲಿ ಎರಡನ್ನೂ ಒಂದೇ ಅಚ್ಚಿಗೆ ಬಿಗಿದಿದ್ದಾರೆ, ಒಂದು ಸುತ್ತಿದಷ್ಟೇ ಇನ್ನೊಂದೂ ಸುತ್ತಬೇಕು. ಜೋಡಿಯಲ್ಲಿ ಬಲಗಡೆಯ ಎತ್ತು ಮುಂದಾದರೆ ಗಾಡಿ ಎತ್ತ ತಿರುಗುತ್ತದೆ ಹೇಳಿ?”

“ಎಡಕ್ಕೆ” ಎಂದೆವು ಎಲ್ಲರೂ, ಒಂದನೇ ತರಗತಿಯ ಮಕ್ಕಳಂತೆ.

ಮೇಷ್ಟ್ರು ಆಗಲೇ ಕಾಫಿ ಲೋಟದ ಕೆಳಗಿನ ಕಾಗದವನ್ನು ಎಳೆದುಕೊಂಡು ಲೆಕ್ಕ ಹಾಕುತ್ತಿದ್ದರು. ಮೊದಲ 60 ಅಡಿಯಲ್ಲಿ ಎಡಚಕ್ರ 720 ಅಂಗುಲ ಹೋದರೆ ಬಲಚಕ್ರ 723.6 ಅಂಗುಲ ಹೋಗುತ್ತದೆ. ಎರಡರ ನಡುವಿನ ಅಂತರ 40 ಅಂಗುಲವೆಂದಿಟ್ಟುಕೊಂಡರೆ ಕಾರಿನ ಮೂತಿ ಸುಮಾರು 5 ಡಿಗ್ರಿ ಎಡಕ್ಕೆ ತಿರುಗಿ, ಅಷ್ಟರೊಳಗೆ ಕಾರು ಹೆಚ್ಚುಕಡಿಮೆ 2.7 ಅಡಿ ಪಕ್ಕಕ್ಕೆ ಸರಿದಿರುತ್ತದೆ. ಟೈರು ಒಂದಿಷ್ಟು ಜಾರುವುದರಿಂದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲವೆಂದು ಗೌಡರು ಹೇಳಿದರೂ, ಮೇಷ್ಟ್ರು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ ರೀತಿಗೆ ಗೋಡೆಯೇ ಪಕ್ಕಕ್ಕೆ ಸರಿಯಬೇಕಿತ್ತು.

ಈ ಟೈರುಗಳಲ್ಲಿ ಇರುವುದೇ ಏಳೆಂಟು ಪೌಂಡು ಗಾಳಿ. ಅಜ್ಜ ಎಡಗಡೆಯದಕ್ಕೆ ಕಾಲುಕಾಲು ಪೌಂಡಿನಂತೆ ತುಂಬಿ, ಬಲಗಡೆಯದರಿಂದ ತುಸು ಬಿಟ್ಟು, ಪ್ರತಿಸಲ ಟೇಪು ಸುತ್ತಿ ಎರಡನ್ನೂ ಸಮಕ್ಕೆ ತಂದ. ಗಾಳಿ ಬೇರೆಯಾದರೆ ಹಿಡಿತವೂ ಬೇರೆಯಾಗುತ್ತದೆ, ಆದ್ದರಿಂದ ಇದು ತಾತ್ಕಾಲಿಕ ಉಪಾಯ. ಅಳತೆ ಕೂಡುವ ಜೋಡಿ ಟೈರು ಕೊಳ್ಳುವುದೇ ಸರಿ ಎಂದು ಗೌಡರು ಹೇಳಿದರು. ಟೈರಿನ ಬೆಲೆ ನೆನೆದು ಅಜ್ಜ ಆ ಮಾತಿಗೆ ಮಾತ್ರ ಕಿವುಡನಾದ.

ನಾವು ಏಳುವ ಹೊತ್ತಿಗೆ ಶಾಸ್ತ್ರಿಗಳು ಸದ್ದಿಲ್ಲದೆ ಒಳಗೆ ಹೋಗಿ ಎರಡು ನಿಂಬೆಹಣ್ಣು ತಂದು ಹಿಂದಿನ ಚಕ್ರಗಳ ಮುಂದೆ ಇಟ್ಟಿದ್ದರು. ಅಜ್ಜ ಇದೇನೆಂದು ಕೇಳಿದ, ಗೌಡರು ವಿವರಿಸಿದರು. ಮುಂದಿನ ವಾರ ಬೇಕರ್ಸ್‌ಫೀಲ್ಡ್ ಬಳಿಯ ಫಮೋಸೊ ಪಟ್ಟಿಯ ಮೇಲೆ ಕಾರು ದಾರ ಹಿಡಿದು ಎಳೆದಂತೆ ಹೊರಟಿತು. ಶಾಸ್ತ್ರಿಗಳು ಮೇಷ್ಟ್ರ ಕಡೆ ತಿರುಗಿ ಮೀಸೆ ತಿರುವಿದರು, ಮೇಷ್ಟ್ರು ಜೇಬಿನ ಕಾಗದ ಮುಟ್ಟಿ ನೋಡಿಕೊಂಡರು.

ಎರಡನೆಯ ಓಟಕ್ಕೆ ಮುಂಚೆ ಅಜ್ಜನೇ ಬಂದು ಶಾಸ್ತ್ರಿಗಳ ಮುಂದೆ ಕೈ ಚಾಚಿ ಎರಡು ನಿಂಬೆಹಣ್ಣು ಕೇಳಿ ಪಡೆದ. ಆಮೇಲೆ ಜೇಬಿನಿಂದ ಟೇಪು ತೆಗೆದು ಎರಡರ ಸುತ್ತಳತೆಯನ್ನೂ ನೋಡಿ, ದೊಡ್ಡದನ್ನು ವಾಪಸು ಕೊಟ್ಟು ಬೇರೆ ಕೇಳಿದ.