ಪದಚರ್ಚೆ: ದಪ್ಪಗಾಗಿ ಹಬ್ಬುವ ಕೀಲುಪೊರೆಗೆ ಏನನ್ನೋಣ?

ಗೆಳೆಯರೇ, ಒಂದು ಪದಕ್ಕಾಗಿ ನಾಲ್ಕು ದಿನದಿಂದ ತಡಕಾಡುತ್ತಿದ್ದೇನೆ.

ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳಲ್ಲಿ ಉರಿಯೂತ ಬರುವ ಕಾಯಿಲೆ. ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ಟನ್ನು ನಾನೇ ಕತ್ತರಿಸಿ ಕೊಡಬೇಕು. ಬೆರಳಿನ ಗೆಣ್ಣು ಒತ್ತಿದರೆ ನಾದಿದ ಹಿಟ್ಟಿನ ಹಾಗೆ ಮೆತ್ತಗಿದೆ. "ಮೂಳೆ ಸವೆದಿದೆಯೇನೋ?" ಅಂತ ಅಮ್ಮ ಕೇಳುತ್ತಾರೆ. ಇದು ಸವೆತ ಅಲ್ಲ ಅಂತ ವಿವರಿಸಲು ಕೂತೆ, ಅಲ್ಲೇ ಮಾತು ಸಾಲದೆ ಹೋಯಿತು.

ಕೀಲಿನ ಒಳಗೋಡೆಗೆ ಸೈನೋವಿಯಂ ಅಂತ ಒಂದು ಪದರ ಇದೆ. ಅದಕ್ಕೆ ಕೀಲುಪೊರೆ ಸಾಕು. ಆರೋಗ್ಯವಾಗಿದ್ದಾಗ ಅದರ ಮೇಲ್ಪದರ ಒಂದೆರಡು ಜೀವಕೋಶದಷ್ಟೇ ದಪ್ಪ. ಕೆಲವು ಕೋಶಗಳು ಕಸ ನುಂಗುತ್ತವೆ, ಇನ್ನು ಕೆಲವು ಕೀಲು ಜಾರಲು ಬೇಕಾದ ಜಿಗುಟನ್ನು ಕೀಲಿನೊಳಗಿನ ದ್ರವಕ್ಕೆ ಸೇರಿಸುತ್ತವೆ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೆದುಮೂಳೆಗೆ ರಕ್ತನಾಳವೇ ಇಲ್ಲ, ಅದರ ಊಟ ಬರುವುದು ಹೆಚ್ಚಾಗಿ ಆ ದ್ರವದಿಂದಲೇ. ಪೊರೆ ಅನ್ನುವುದಕ್ಕೆ ಕಾಪಾಡು, ಸಲಹು ಅಂತಲೂ ಅರ್ಥ ಇದೆ ಅಲ್ವಾ? ನನಗಂತೂ ಈ ಪದ ತುಂಬ ಹಿಡಿಸಿತು.

ತೊಡಕು ಇರುವುದು ಮುಂದೆ. ಈ ರೋಗದಲ್ಲಿ ಅದೇ ಪದರ ಹತ್ತು ಕೋಶದಷ್ಟು, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ದಪ್ಪವಾಗುತ್ತದೆ. ರಕ್ತದ ಬಿಳಿಕಣಗಳು ಬಂದು ಬೀಡು ಬಿಡುತ್ತವೆ. ಹೊಸ ರಕ್ತನಾಳಗಳು ಚಿಗುರುತ್ತವೆ. ಸಲಹುತ್ತಿದ್ದ ಪೊರೆಯೇ ಮೆದುಮೂಳೆಯ ಮೇಲೆ ಹಬ್ಬಿ ಅದನ್ನು ಕರಗಿಸುತ್ತದೆ. ಮೂಳೆ ತಿನ್ನುವ ಕೋಶಗಳನ್ನು ಎಬ್ಬಿಸಿ ಅಂಚಿನ ಮೂಳೆಯನ್ನೂ ಕೊರೆಸುತ್ತದೆ.

ಮೂಳೆಗಾದ ಹಾನಿಗೆ ಕೊರೆತ ಅನ್ನಬಹುದು. ಕಡಲ್ಕೊರೆತ ಎಲ್ಲರಿಗೂ ಗೊತ್ತಿರುವ ಮಾತು. ಬಳಸಿ ಬಳಸಿ ತೇಯುವುದು ಸವೆತ, ಇನ್ನೊಂದು ಬಂದು ತಿನ್ನುವುದು ಕೊರೆತ.

ಆದರೆ ಹಬ್ಬಿದ ಆ ಪೊರೆಗೆ? ಡಾಕ್ಟರುಗಳು ಪ್ಯಾನಸ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಬಟ್ಟೆ ಅಂತ ಅರ್ಥ. ಸುಮ್ನೆ ಬಟ್ಟೆ ಅಂದರೆ ಅದು ಬೆಳೆಯುತ್ತದೆ ಅನ್ನುವುದೇ ಕಾಣುವುದಿಲ್ಲ. ಗಡ್ಡೆ ಅಂದರೆ ಕ್ಯಾನ್ಸರ್ ಅಂತ ಹೆದರುತ್ತಾರೆ. ಬರೀ ಊತ ಅಂದರೆ ನೀರು ತುಂಬಿದೆ, ತೆಗೆಸಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ.

ನನಗೆ ತೋಚಿದ್ದು ಹಬ್ಬುಪೊರೆ. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಗೋಡೆ ಬಿರುಕಿನಲ್ಲಿ ಅರಳಿ ಗಿಡ ಬೇರು ಬಿಟ್ಟ ಹಾಗಾ?" ಅಂದರು. ಹೌದು, ಹಾಗೇ. ಆದರೆ ಆ ಬೇರಿನ ಕೆಲಸ ಹಬ್ಬು ಅನ್ನುವುದರಲ್ಲಿ ಬರುವುದಿಲ್ಲ. ಹಬ್ಬುತ್ತಲೇ ಒಳಗೆ ತಿನ್ನುವುದಕ್ಕೆ ನಿಮ್ಮ ಕಡೆ ಒಂದೇ ಮಾತು ಇದೆಯಾ?