ಬಿಯರ್ ತಯಾರಕರ ಗುಂಪಿನ ಲ್ಯಾಬ್ ಪ್ರಶ್ನೋತ್ತರ: ಒಡೆಯುವ ಬಾಟಲಿ, ಬೆಣ್ಣೆ ವಾಸನೆ

ಗೋಕರ್ಣದ ಸದಸ್ಯ: ಟ್ಯಾಂಕಿನ ಬಿಯರಿಗೆ ಬೆಣ್ಣೆ ವಾಸನೆ. ತಣಿಸಬಹುದಾ?

ಲ್ಯಾಬ್ ವಿಶ್ಲೇಷಕಿ: ಈಗಲೇ ಬೇಡ. ಎರಡು ಸ್ಯಾಂಪಲ್ ತೆಗೆಯಿರಿ. ಒಂದನ್ನು ಮುಚ್ಚಿ 60–65 ಡಿಗ್ರಿ ನೀರಲ್ಲಿ 20 ನಿಮಿಷ ಇಟ್ಟು ಆರಿಸಿ, ಎರಡನ್ನೂ ಮೂಸಿ. ಯಾವುದರಲ್ಲಾದರೂ ಬೆಣ್ಣೆ ಬಂದರೆ, ಆ ವಾಸನೆ ಕೊಡುವ ಡಯಾಸಿಟೈಲನ್ನು ಯೀಸ್ಟ್ ಇನ್ನೂ ತೆಗೆದು ಮುಗಿಸಿಲ್ಲ. ಯೀಸ್ಟ್ ಜತೆ ಇನ್ನೆರಡು ದಿನ ಬೆಚ್ಚಗಿರಲಿ, ಮತ್ತೆ ಪರೀಕ್ಷಿಸಿ.

ಕುಮಟಾದ ಸದಸ್ಯ: ಬಾಟಲಿಗೆ ತುಂಬುವಾಗ 2.5 ಪ್ಲೇಟೋ (ಬಿಯರಿನಲ್ಲಿ ಉಳಿದ ಸಕ್ಕರೆಯಂಶದ ಅಳತೆ), ಐದು ವಾರಕ್ಕೆ 1.0. ಪಿಎಚ್ 4.3, ಬದಲಾಗಿಲ್ಲ. ಹುಳಿಯೂ ಇಲ್ಲ. ಮುಚ್ಚಳ ತೆಗೆದರೆ ಅರ್ಧ ನೊರೆ. ಎರಡು ಒಡೆದವು. ಹಿಂದಿನ ಸಲ ಅದೇ ಟ್ಯಾಂಕಲ್ಲಿ ಸೇಸನ್ ಎಂಬ ಬಗೆಯ ಬಿಯರ್ ಮಾಡಿತ್ತು.

ಲ್ಯಾಬ್ ವಿಶ್ಲೇಷಕಿ: ಮುಖಕ್ಕೆ ರಕ್ಷಣೆ, ದಪ್ಪ ಕೈಗವಸು ಇಲ್ಲದೆ ಆ ಬಾಟಲಿಗಳ ಹತ್ತಿರ ಯಾರೂ ಹೋಗಬೇಡಿ. ಕ್ರೇಟಿನ ಮೇಲೆ ದಪ್ಪ ಗೋಣಿ ಮುಚ್ಚಿ ಕೋಲ್ಡ್ ರೂಮಿಗೆ ಸಾಗಿಸಿ. 1 ಪ್ಲೇಟೋ ಇಳಿದರೆ ಸುಮಾರು 2 ವಾಲ್ಯೂಮ್ ಗ್ಯಾಸ್, ಅಂದರೆ ಬಿಯರಿನ ಎರಡು ಪಟ್ಟು ಗಾತ್ರದ್ದು. ನಿಮ್ಮದು 1.5 ಇಳಿದಿದೆ, ಅಂದರೆ 3. ತುಂಬುವಾಗಲೇ 2.5 ವಾಲ್ಯೂಮ್ ಗ್ಯಾಸ್ ಇದ್ದಿದ್ದರೆ ಈಗ 5.5. ಕರಾವಳಿಯ 28 ಡಿಗ್ರಿ ಕೋಣೆಯಲ್ಲಿ ಒತ್ತಡ 6 ಬಾರ್ ದಾಟ್ತದೆ.

ಪಿಎಚ್ ಇಳಿಯದ್ದರಿಂದ ಹುಳಿ ಮಾಡುವ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ಮೇಲೆ ಅನುಮಾನ ಕಡಿಮೆ. ನನಗೆ ಹೆದರಿಕೆ ಡಯಾಸ್ಟಾಟಿಕಸ್ ಯೀಸ್ಟಿನದು; ಬಹಳಷ್ಟು ಸೇಸನ್ ಯೀಸ್ಟುಗಳು ಅದೇ ಜಾತಿ. ಬೇರೆ ಯೀಸ್ಟ್ ಮುಟ್ಟದ ಡೆಕ್ಸ್ಟ್ರಿನ್ನನ್ನು (ಉದ್ದ ಸರಪಳಿಯ ಸಕ್ಕರೆ) ಇದು ಗ್ಲುಕೋಅಮೈಲೇಸ್ ಕಿಣ್ವ ಹೊರಬಿಟ್ಟು ನಿಧಾನಕ್ಕೆ ಒಡೆದು ತಿನ್ನುತ್ತದೆ. ಅದಕ್ಕೇ ತುಂಬಿದ ದಿನ ಎಲ್ಲ ಸರಿ ಕಂಡಿತ್ತು. ಮೈಕ್ರೋಸ್ಕೋಪಲ್ಲಿ ಗುರುತು ಸಿಗೂದಿಲ್ಲ, ಅದರ ಎಸ್‌ಟಿಎ1 ಜೀನ್ ಹುಡುಕುವ ಪಿಸಿಆರ್ ಡಿಎನ್ಎ ಪರೀಕ್ಷೆ ಬೇಕು. ಟ್ಯಾಂಕ್, ಬಾಟಲಿ ತುಂಬುವ ಫಿಲ್ಲರಿನ ವಾಲ್ವ್, ಪಿಚ್ ಯೀಸ್ಟ್ (ಹುದುಗಿಸಲು ಹಾಕುವ ಯೀಸ್ಟ್) ಮೂರರ ಸ್ಯಾಂಪಲ್ಲೂ ಬೇರೆ ಬೇರೆ ಸ್ಟೆರೈಲ್ ಬಾಟಲಿಯಲ್ಲಿ, ಮೀನಿನ ಥರ್ಮೋಕೋಲ್ ಪೆಟ್ಟಿಗೆಗೆ ಐಸ್ ಪ್ಯಾಕ್ ಹಾಕಿ 24 ಗಂಟೆಯೊಳಗೆ ತಲುಪಿಸಿ. ಉಬ್ಬಿದ ಬಾಟಲಿಯನ್ನು ಹಾಗೇ ಬಸ್ಸಿಗೆ ಹಾಕಬೇಡಿ. ಫಿಲ್ಲರಿನ ರಬ್ಬರ್ ಎಲ್ಲ ಬದಲಿಸಿ. ರಬ್ಬರಿನ ಬಿರುಕಿನೊಳಗೆ ತೊಳೆಯುವ ಕಾಸ್ಟಿಕ್ ಸೋಡಾ ಇಳಿಯೂದಿಲ್ಲ. ಆಮೇಲೆ 2% ಕಾಸ್ಟಿಕ್, 75–80 ಡಿಗ್ರಿ, 30 ನಿಮಿಷ ತೊಳೆಯಿರಿ.

ಅಂಕೋಲಾದ ಸದಸ್ಯ: ಒಂದು ಫಾರ್ವರ್ಡ್ ಬಂದಿದೆ. ಬಾಟಲಿಗಳನ್ನು 60 ಡಿಗ್ರಿ ನೀರಲ್ಲಿ ಮುಳುಗಿಸಿದರೆ ಯೀಸ್ಟ್ ಸತ್ತು ಸರಿಯಾಗ್ತದಂತೆ.

ಲ್ಯಾಬ್ ವಿಶ್ಲೇಷಕಿ: ಅಳಿಸಿ. ಈಗಲೇ. ಬಿಸಿಯಾದಷ್ಟೂ ಗ್ಯಾಸ್ ದ್ರವ ಬಿಟ್ಟು ಮೇಲೆ ಬರ್ತದೆ, ಆ ಗಾಜು ಕೈಯಲ್ಲೇ ಸಿಡೀತದೆ. ಪಾಶ್ಚರೀಕರಣ ಒತ್ತಡ ಸರಿಯಿರುವ ಬಾಟಲಿಗೆ. ಇಂಥದ್ದನ್ನು ಓದದೆ ಇಲ್ಲಿ ಹಾಕಬೇಡಿ.

ಶಿರಸಿಯ ಸದಸ್ಯ: ಘಟ್ಟದ ಕೆಳಗಿನ ಬಾವಿ ನೀರೇ ಉಪ್ಪು, ಬಾಟಲಿ ಒಡೆಯೂದಕ್ಕೆ ಅದೇ ಕಾರಣ.

ಕಾರವಾರದ ಸದಸ್ಯ: ನೀರಿಗೂ ಬಾಟಲಿ ಒಡೆಯೂದಕ್ಕೂ ಎಂತ ಸಂಬಂಧ ಮಾರಾಯ್ರೆ? ಮಳೆಗಾಲದಲ್ಲಿ ನಿಮ್ಮ ಮಾಲ್ಟ್ ಚೀಲ ಮೆತ್ತಗಾಗೂದು ನೋಡಿಕೊಳ್ಳಿ.

ಶಿರಸಿಯ ಸದಸ್ಯ: ಚೀಲ ಮುಚ್ಚಿಯೇ ಇಡೂದು. ಮೇ ತಿಂಗಳಲ್ಲಿ ಬಾವಿಯ ಕ್ಲೋರೈಡ್ ಅಳೆಸಿದ್ದೀರಾ?

ಕಾರವಾರದ ಸದಸ್ಯ: ನಮ್ಮದು ನಲ್ಲಿ ನೀರು.

ಶಿರಸಿಯ ಸದಸ್ಯ: ಹಾಗಾದ್ರೆ ಕ್ಲೋರಿನ್. ಬಿಯರಿಗೆ ಆಸ್ಪತ್ರೆ ವಾಸನೆ.

ಕಾರವಾರದ ಸದಸ್ಯ: ಕಾರ್ಬನ್ ಫಿಲ್ಟರ್ ಇದೆ. ಗೊತ್ತಿಲ್ಲದೆ ಮಾತಾಡಬೇಡಿ.

ಹೊನ್ನಾವರದ ಸದಸ್ಯ: ತರಬೇತಿಯಲ್ಲಿ ಯೀಸ್ಟ್ ಎಣಿಕೆ ಕಲಿಸ್ತೀರಾ? ಶುಲ್ಕ ಎಷ್ಟು?

ಭಟ್ಕಳದ ಸದಸ್ಯ: ಬೆಣ್ಣೆ ವಾಸನೆಗೆ ಎಂತ ಮಾಡೂದು?

ಲ್ಯಾಬ್ ವಿಶ್ಲೇಷಕಿ: ಮೇಲೆ ಬರೆದಿದೆ.

ಯಲ್ಲಾಪುರದ ಸದಸ್ಯ: ಮೇಡಂ, ಬೆಣ್ಣೆ ವಾಸನೆ ಬಂದರೆ?

ಲ್ಯಾಬ್ ವಿಶ್ಲೇಷಕಿ: ಮೇಲೆ ಓದಿ.

ಕುಮಟಾದ ಸದಸ್ಯ: ಪಿಚ್ ಯೀಸ್ಟ್ ಮತ್ತೆ ಮತ್ತೆ ಬಳಸಿದ್ದು, ನಾಲ್ಕನೇ ತಲೆಮಾರು. ಎಸೆಯಬೇಕಾ?

ಲ್ಯಾಬ್ ವಿಶ್ಲೇಷಕಿ: ಸ್ಯಾಂಪಲ್ ತೆಗೆದಿಟ್ಟು ಉಳಿದದ್ದು ಎಸೆಯಿರಿ. ಅಂಗಡಿಗೆ ಹೋದ ಪೆಟ್ಟಿಗೆ ಎಷ್ಟು? ಅದನ್ನು ಮೊದಲು ಹೇಳಿ.

ಕುಮಟಾದ ಸದಸ್ಯ: ಹನ್ನೆರಡು. ಫೋನ್ ಮಾಡ್ತಾ ಇದ್ದೇನೆ.